2ನೇ ಕ್ರಾಸ್ ವೆಲ್ಡಿಂಗ್ ಅಂಗಡಿ: ಭಾನುವಾರ ಹೋಗಿ ಮಾತಾಡೋಣ

ಮನೆ ನಂ. 14: ಎಲ್ಲರಿಗೂ ನಮಸ್ಕಾರ. ಮೂಲೆಯ ವೆಲ್ಡಿಂಗ್ ಅಂಗಡಿಯವರು ಈಗ ಗ್ಯಾಸ್ ಕಟಿಂಗನ್ನೂ (ಗ್ಯಾಸ್ ಬೆಂಕಿಯಲ್ಲಿ ಕಬ್ಬಿಣ ಕತ್ತರಿಸುವುದು) ಫುಟ್‌ಪಾತ್ ಮೇಲೆ ಶುರು ಮಾಡಿದ್ದಾರೆ. ನಿನ್ನೆ ಕಿಡಿ ಬಿದ್ದು ನಮ್ಮ ಸ್ಕೂಟರ್ ಸೀಟು ತೂತಾಯಿತು. ಒಂದು ಸಿಲಿಂಡರ್ ರಸ್ತೆಯಲ್ಲೇ ಮಲಗಿತ್ತು. ಮಕ್ಕಳು ಅದರ ಮೇಲೆ ಕೂತಿದ್ದರು!

ಮನೆ ನಂ. 9: ದೂರು ಕೊಟ್ಟು ಮುಚ್ಚಿಸಿ. ಸುಮ್ನೆ ಮಾತೇಕೆ?

ಮನೆ ನಂ. 22: ನಮ್ಮೆಲ್ಲರ ಗೇಟು, ಗ್ರಿಲ್ ಮಾಡಿಕೊಟ್ಟವರು ಅವರೇ ಅಲ್ವಾ? ನಿಮ್ಮದೂ ಸೇರಿ ಸರ್.

ಮನೆ ನಂ. 31: ಮಲಗಿದ್ದ ಸಿಲಿಂಡರ್ ಯಾವ ಬಣ್ಣ?

ಮನೆ ನಂ. 14: ಮೆರೂನ್. ಕಪ್ಪು ಬಣ್ಣದ್ದು ಗೋಡೆಗೆ ಒರಗಿತ್ತು ಅಂಕಲ್.

ಮನೆ ನಂ. 31: ಮೆರೂನ್ ಅಂದರೆ ಅಸಿಟಿಲಿನ್, ಅಂಗಡಿಯವರು ಡಿಎ ಅನ್ನುತ್ತಾರೆ. ಅದನ್ನು ಮಲಗಿಸಲೇಬಾರದು. ಒಳಗೆ ಸ್ಪಂಜಿನಂಥ ವಸ್ತು ತುಂಬಿರುತ್ತದೆ, ಅದು ಅಸಿಟೋನ್ ಅನ್ನುವ ಬೇಗ ಹೊತ್ತಿಕೊಳ್ಳುವ ದ್ರವ ಹೀರಿಕೊಂಡಿರುತ್ತದೆ, ಗ್ಯಾಸ್ ಆ ಅಸಿಟೋನಿನಲ್ಲಿ ಕರಗಿರುತ್ತದೆ. ಮಲಗಿಸಿ ವಾಲ್ವ್ ತೆರೆದರೆ ಗ್ಯಾಸಿನ ಜೊತೆ ಅಸಿಟೋನೂ ಬರುತ್ತದೆ. ಎತ್ತಿ ನಿಲ್ಲಿಸಿದ ಮೇಲೂ ಕೆಲವು ಗಂಟೆ ಹಾಗೇ ಬಿಡಬೇಕು. ಕಪ್ಪು ಆಕ್ಸಿಜನ್‌ದು. ತುಂಬಿದ್ದರೆ ಒಳಗೆ ಚದರ ಸೆಂಟಿಮೀಟರಿಗೆ ಸುಮಾರು 150 ಕೆಜಿ ಪ್ರೆಶರ್. ಬಿದ್ದು ವಾಲ್ವ್ ಮುರಿದರೆ ರಾಕೆಟ್ ಥರ ನುಗ್ಗುತ್ತದೆ. ಎರಡನ್ನೂ ನಿಲ್ಲಿಸಿ ಚೈನ್ ಹಾಕಿಸಬೇಕು. ನಾನು ಫ್ಯಾಕ್ಟರಿಯಲ್ಲಿ ಇದೇ ಕೆಲಸ ಮಾಡಿದವನು, ಅದಕ್ಕೇ ಇಷ್ಟು ಹೇಳುತ್ತಿರುವುದು.

ಮನೆ ನಂ. 22: ಮೊನ್ನೆ ಅಲ್ಲಿನ ಹುಡುಗ ಕಪ್ಪು ಸಿಲಿಂಡರಿನ ನಟ್ ಬಿಗಿಯಾಗಿದೆ ಅಂತ ಎಣ್ಣೆ ಹಚ್ಚುತ್ತಿದ್ದ. ಅದು ಪರವಾಗಿಲ್ವಾ?

ಮನೆ ನಂ. 31: ಅಯ್ಯೋ, ಬೇಡವೇ ಬೇಡ! ಜೋರು ಒತ್ತಡದ ಆಕ್ಸಿಜನ್ ಎಣ್ಣೆಗೆ ತಗುಲಿದರೆ ಬೆಂಕಿಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು. ಎಣ್ಣೆ ಮೆತ್ತಿದ ಕೈಯಲ್ಲಿ ಆ ಸಿಲಿಂಡರ್ ಮುಟ್ಟಲೂ ಬಾರದು. ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ, ಪಾಪ.

ಮನೆ ನಂ. 9: ಇಷ್ಟೆಲ್ಲ ಕೇಳಿದ ಮೇಲೂ ಅಂಗಡಿ ಇರಲಿ ಅನ್ನುತ್ತೀರಾ?

ಮನೆ ನಂ. 31: ಇರಲಿ, ಸರಿಯಾಗಿ ಇರಲಿ. ಇಲ್ಲಿಂದ ಓಡಿಸಿದರೆ ಇನ್ನೊಂದು ಬೀದಿಯಲ್ಲಿ ಹೀಗೇ ಮಲಗಿಸುತ್ತಾರೆ. ಅಂಗಡಿಯ ಹಿಂದೆ ಅವರದೇ ಖಾಲಿ ಜಾಗ ಇದೆ, ಕಟಿಂಗ್ ಅಲ್ಲಿಗೆ ಹೋಗಲಿ. ಟಾರ್ಚ್ (ಬೆಂಕಿ ಬರುವ ಕೈಹಿಡಿ) ಕಡೆಗೂ ರೆಗ್ಯುಲೇಟರ್ (ಸಿಲಿಂಡರಿನ ಪ್ರೆಶರ್ ತಗ್ಗಿಸುವುದು) ಕಡೆಗೂ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಇದೆಯಾ ನೋಡಬೇಕು. ಬೆಂಕಿ ಪೈಪಿನೊಳಗೆ ಹಿಂದಕ್ಕೆ ಓಡಿದರೆ ತಡೆಯುವುದು ಅದೇ. ಪೈಪಿಗೆ ಕ್ಲಿಪ್ ಬದಲು ಬೈಂಡಿಂಗ್ ವೈರ್ ಸುತ್ತಿರುತ್ತಾರೆ, ಅದನ್ನೂ ಬದಲಿಸಲಿ. ಲೀಕ್ ನೋಡಲು ಸೋಪಿನ ನೀರು ಸಾಕು. ರೆಗ್ಯುಲೇಟರಿನಿಂದ ಪೈಪಿಗೆ ಬಿಡುವ ಡಿಎ ಪ್ರೆಶರ್ 1 ಕೆಜಿ ದಾಟಿಸಬಾರದು, ದಾಟಿದರೆ ಆ ಗ್ಯಾಸ್ ತಾನಾಗಿಯೇ ಸಿಡಿಯಬಹುದು. ವಾಲ್ವಿನ ಕೀ ಅದರ ಮೇಲೇ ಇರಲಿ. ಅವಸರದಲ್ಲಿ ಹುಡುಕುತ್ತಾ ನಿಲ್ಲುವ ಹಾಗಾಗಬಾರದು.

ಮನೆ ನಂ. 5: ಸಂಜೆ ಅಂಗಡಿ ಮುಚ್ಚಿದ ಮೇಲೂ ಒಮ್ಮೆ ಹೊಗೆ ಬರುತ್ತಿತ್ತು. ಚಿಂದಿ ಬಟ್ಟೆ ಸುಡುತ್ತಿತ್ತು ಅನ್ನಿಸುತ್ತದೆ.

ಮನೆ ನಂ. 31: ಅದೂ ಹೇಳೋಣ ಮೇಡಂ. ಕೊನೆಯ ಕಟ್ ಆದ ಮೇಲೆ ಅರ್ಧ ಗಂಟೆಯಾದರೂ ಒಬ್ಬರು ನೀರಿನ ಬಕೆಟ್ ಇಟ್ಟುಕೊಂಡು ಕಾಯಬೇಕು.

ಮನೆ ನಂ. 14: ಭಾನುವಾರ ಬೆಳಿಗ್ಗೆ 10.30ಕ್ಕೆ ಹೋಗೋಣ. ನಾಲ್ಕೈದು ಜನ ಸಾಕು, ಗುಂಪು ಕಟ್ಟಿಕೊಂಡು ಹೋದರೆ ಜಗಳ ಅಂದುಕೊಳ್ಳುತ್ತಾರೆ. ಮುಖ್ಯವಾಗಿ 31ರ ಅಂಕಲ್ ಬರಲೇಬೇಕು.

ಮನೆ ನಂ. 22: ಈಗ ಹಾಲಿಗೆ ಹೋದಾಗ ಓನರ್ ಸಿಕ್ಕಿದರು, ಹೇಳಿದೆ. ಖಂಡಿತ ಬನ್ನಿ ಎಂದರು. ಗೇಟಿನ ಬಾಕಿ ಇರುವವರು ಅದನ್ನೂ ತರಲಿ ಎಂದರು.

ಮನೆ ನಂ. 9: ತರ್ತೀನಿ.