ಅಡುಗೆಮನೆಯ ಸಣ್ಣ ಜಿರಲೆ: ಸ್ಪ್ರೇ ಹೊಡೆದ ಮೇಲೆ ಇನ್ನಷ್ಟು ಹರಡಿದೆ

ಪ್ರಶ್ನೆ (ವಿಜಯನಗರದಿಂದ):
ನಮಸ್ಕಾರ. ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಗೆ ನಾವು ಬಾಡಿಗೆಗೆ ಬಂದು ಐದು ತಿಂಗಳಾಯಿತು. ರಾತ್ರಿ ಅಡುಗೆಮನೆಯ ದೀಪ ಹಾಕಿದೊಡನೆ ಸಣ್ಣ ಜಿರಲೆಗಳು ಕಟ್ಟೆಯ ಮೇಲೆ ಚದುರಿ, ಸ್ಟೌವಿನ ಅಡಿಗೂ ಮಿಕ್ಸಿಯ ಹಿಂದಕ್ಕೂ ನುಗ್ಗುತ್ತವೆ. ಎರಡು ಬಾರಿ ಸ್ಪ್ರೇ ಹೊಡೆದೆ. ನಾಲ್ಕು ದಿನ ಕಡಿಮೆಯಾದಂತೆ ಕಂಡು, ಈಗ ನಡುಮನೆಯ ಟಿವಿ ಸ್ಟ್ಯಾಂಡಿನಲ್ಲೂ ಕಾಣಿಸುತ್ತಿವೆ. ಮೊನ್ನೆ ಜೋರು ಮಳೆ ಬಂದ ರಾತ್ರಿ ಬಚ್ಚಲುಮನೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡದೊಂದು ಸಿಕ್ಕಿತು. ಇವು ಒಂದೇ ಜಾತಿಯವೇ? ಅತ್ತೆಯವರಿಗೆ ಆಸ್ತಮಾ ಇದೆ, ಅಂಬೆಗಾಲಿಡುವ ಮಗುವೂ ಇದೆ. ಏನು ಮಾಡಬಹುದೆಂದು ದಯವಿಟ್ಟು ತಿಳಿಸಿ.

ಉತ್ತರ 1 (ಹೆಬ್ಬಾಳದಿಂದ):
ಮೇಡಂ, ಕೀಟಶಾಸ್ತ್ರ ಓದಿದವನಾಗಿ ಹೇಳುತ್ತಿದ್ದೇನೆ: ಅವು ಎರಡು ಬೇರೆ ಜಾತಿಗಳು, ಪರಿಹಾರವೂ ಬೇರೆ. ದೊಡ್ಡದು ಅಮೆರಿಕನ್ ಜಿರಲೆ. ಸುಮಾರು 4 ಸೆಂಟಿಮೀಟರ್ ಉದ್ದ, ಕೆಂಗಂದು ಬಣ್ಣ. ಚರಂಡಿ, ಮ್ಯಾನ್‌ಹೋಲ್‌ಗಳಲ್ಲಿ ಬದುಕುವ ಅದು, ಮಳೆನೀರು ನುಗ್ಗಿದಾಗ ಪೈಪು ಹಿಡಿದು ಮೇಲೆ ಬರುತ್ತದೆ. ನೀರು ಹೋಗುವ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಬಳಸದ ಬಚ್ಚಲಿದ್ದರೆ ಟ್ರ್ಯಾಪಿನ (ಕಿಂಡಿಯ ಕೆಳಗೆ ನೀರು ನಿಲ್ಲುವ ಭಾಗದ) ನೀರು ಒಣಗದಂತೆ ಆಗಾಗ ಒಂದು ಚೊಂಬು ನೀರು ಸುರಿಯಿರಿ.

ನಿಜವಾದ ತೊಂದರೆ ಸಣ್ಣದರದು. ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿದ್ದು, ಮೈ ಒಂದೂವರೆ ಸೆಂಟಿಮೀಟರಿನಷ್ಟಿದ್ದರೆ ಅದು ಜರ್ಮನ್ ಜಿರಲೆ. (ಹೆಸರು ಜರ್ಮನ್ ಆದರೂ, ಅದರ ಮೂಲ ಭಾರತ ಅಥವಾ ಮ್ಯಾನ್ಮಾರ್ ಕಡೆಯದೆಂದು 2024ರ ವಂಶವಾಹಿ ಅಧ್ಯಯನವೊಂದು ತೋರಿಸಿದೆ.) ಅದು ಕಟ್ಟಡಗಳೊಳಗೇ ಬದುಕುವ ಕೀಟವಾದ್ದರಿಂದ ಅದರ ನೆಲೆಯನ್ನು ಚರಂಡಿಯಲ್ಲಿ ಹುಡುಕಬೇಡಿ, ಮನೆಯೊಳಗೇ ಹುಡುಕಿ. ಒಂದೊಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆಗಳಿರುತ್ತವೆ; ಮರಿ ಹೊರಬರುವ ಸಮಯದವರೆಗೂ ಹೆಣ್ಣು ಅದನ್ನು ಹೊತ್ತುಕೊಂಡು ಸಂದುಗಳಲ್ಲೇ ಅಡಗಿರುತ್ತದೆ. ಸ್ಪ್ರೇ ಎದುರಿಗೆ ಕಂಡದ್ದನ್ನು ಕೊಂದು ಉಳಿದವನ್ನು ಬೇರೆ ಕೋಣೆಗಳಿಗೆ ಅಟ್ಟುತ್ತದೆ. ನಿಮ್ಮ ಟಿವಿ ಸ್ಟ್ಯಾಂಡಿಗೆ ಅವು ಬಂದದ್ದು ಬಹುಶಃ ಹೀಗೆಯೇ.

ಆದ್ದರಿಂದ ಸ್ಪ್ರೇ ಪೂರ್ತಿ ನಿಲ್ಲಿಸಿ, ಜೆಲ್ ಔಷಧ ಬಳಸಿ. ಹೆಸರುಕಾಳಿನಷ್ಟು ಚಿಕ್ಕ ಚುಕ್ಕೆಗಳನ್ನು ಕಬೋರ್ಡಿನ ಕೀಲು, ಸಿಂಕಿನ ಅಡಿ, ಫ್ರಿಜ್ಜಿನ ಹಿಂಬದಿಯಂತಹ ಕಡೆ, ಮಗುವಿನ ಕೈಗೆ ಎಟುಕದಂತೆ ಇಡಬೇಕು. ತಿಂದ ಜಿರಲೆ ಗೂಡಿಗೆ ಮರಳಿ ಸಾಯುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಮರಿಗಳೂ ಸಾಯುತ್ತವೆ. ಜೆಲ್ ಇಟ್ಟ ಕಡೆ ಸ್ಪ್ರೇ ತಾಗಿದರೆ ಅವು ಹತ್ತಿರ ಸುಳಿಯುವುದಿಲ್ಲ. ಇನ್ನು ಆಸ್ತಮಾ ಕೆರಳಿಸುವುದು ಅವುಗಳ ಹಿಕ್ಕೆ ಮತ್ತು ಕಳಚಿದ ಪೊರೆ. ಅದನ್ನು ಒಣ ಪೊರಕೆಯಿಂದ ಎಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಆ ಕೆಲಸ ನಡೆಯುವಾಗ ಅತ್ತೆಯವರು ಬೇರೆ ಕೋಣೆಯಲ್ಲಿರಲಿ.

ಉತ್ತರ 2 (ಬಸವನಗುಡಿಯಿಂದ):
ಹಿಂದಿನ ಉತ್ತರ ಸರಿಯಾಗಿದೆ. ನಮ್ಮ ಮನೆಯಲ್ಲಿ ಮೂಲ ಸಿಕ್ಕಿದ್ದು ನೀರಿನ ಫಿಲ್ಟರಿನ ಹಿಂದೆ: ಗೋಡೆಯಿಂದ ಬಿಚ್ಚಿದಾಗ, ಬೆಚ್ಚಗೂ ತೇವವಾಗಿಯೂ ಇದ್ದ ಆ ಸಂದಿನಲ್ಲಿ ಕಾಳುಮೆಣಸಿನ ಪುಡಿ ಉದುರಿಸಿದಂತೆ ಹಿಕ್ಕೆ, ಗೋಧಿಕಾಳಿನಂತಹ ಖಾಲಿ ಮೊಟ್ಟೆಚೀಲಗಳು, ಒಂದು ಬಗೆಯ ಕಮಟು ವಾಸನೆ. ದಿನಸಿ ಬಂದ ರಟ್ಟಿನ ಪೆಟ್ಟಿಗೆಗಳನ್ನು ಕೂಡಿಡಬೇಡಿ. ರಾತ್ರಿ ಮಲಗುವ ಮುನ್ನ ಸಿಂಕನ್ನು ಒರೆಸಿ ಒಣಗಿಸಿ. ಹಸಿವನ್ನು ಅವು ವಾರಗಟ್ಟಲೆ ತಡೆಯುತ್ತವೆ, ಬಾಯಾರಿಕೆಯನ್ನು ಅಷ್ಟು ದಿನ ತಡೆಯಲಾರವು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಟಾರ್ಚ್ ಹಿಡಿದು ನೋಡಿದೆ. ಎರಡು ಗೆರೆಗಳು ಸ್ಪಷ್ಟವಾಗಿವೆ. ಸಿಂಕಿನ ಪೈಪು ಗೋಡೆಯೊಳಗೆ ಹೋಗುವ ತೂತು ಮುಚ್ಚಿಲ್ಲ, ಅದರ ಸುತ್ತಲೇ ಹಿಕ್ಕೆ ಹೆಚ್ಚಾಗಿದೆ.

ಉತ್ತರ 1 (ಹೆಬ್ಬಾಳದಿಂದ):
ಹಾಗಾದರೆ ಆ ಪೈಪು ಹಾದುಹೋಗುವ ಡಕ್ಟ್ (ಮಹಡಿಗಳ ನಡುವೆ ಪೈಪುಗಳಿಗಾಗಿ ಬಿಟ್ಟ ಜಾಗ) ಹಂಚಿಕೊಂಡಿರುವ ಮೇಲಿನ, ಕೆಳಗಿನ ಮನೆಗಳಲ್ಲೂ ವಿಚಾರಿಸಿ. ಒಂದೇ ವಾರದಲ್ಲಿ ಎಲ್ಲರೂ ಜೆಲ್ ಇಟ್ಟರೆ ಒಳ್ಳೆಯದು. ತೂತನ್ನು ಬಿಳಿ ಸಿಮೆಂಟಿನಿಂದ ಮುಚ್ಚಿಸಿ. ಎರಡು ವಾರದ ನಂತರ ಮತ್ತೊಮ್ಮೆ ಟಾರ್ಚ್ ಹಿಡಿದು ನೋಡಿ, ಜೆಲ್ ಖಾಲಿಯಾದ ಕಡೆ ಹೊಸ ಚುಕ್ಕೆ ಇಡಿ.