ಓವರ್‌ಡ್ರೈವ್, ಡಿಸ್ಟಾರ್ಷನ್, ಫಜ್: ಮೂರಕ್ಕೂ ‘ಕರ್ಕಶ’ವೇ?

ನಮಸ್ಕಾರ. ರಾಕ್ ಆಲ್ಬಮ್‌ಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಎಲೆಕ್ಟ್ರಿಕ್ ಗಿಟಾರಿನ ಈ ಮೂರು ಸದ್ದುಗಳಿಗೂ ‘ಕರ್ಕಶ’ ಎಂದೇ ಬೀಳುತ್ತದೆ. ‘ವಿರೂಪಣೆ’ ಭೌತಶಾಸ್ತ್ರದ ಪಾಠಕ್ಕೆ ಸರಿ, ಹಾಡಿಗೆ ಒಗ್ಗದು. ನಿಜವಾಗಿ ವ್ಯತ್ಯಾಸವೇನು? ಬೇರೆ ಪದಗಳು ಸಿಕ್ಕಾವೇ?

*

‘ಕರ್ಕಶ’ದಲ್ಲಿ ತೀರ್ಪು ಮೊದಲೇ ಕೂತಿದೆ. ರಾಕ್‌ನಲ್ಲಿ ಇದು ಬೇಕೆಂದೇ ಮಾಡುವ ಸದ್ದು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವೀಸ್ ಸ್ಪೀಕರಿನ ಕಾಗದದ ಪರದೆಯನ್ನು (ಕೋನ್) ಬ್ಲೇಡಿನಿಂದ ಸೀಳಿದ್ದು ಇದಕ್ಕಾಗಿಯೇ.

ಮೂರರ ಬೇರೂ ಕ್ಲಿಪ್ಪಿಂಗ್. ಸರ್ಕ್ಯೂಟ್ ತಾಳಲಾರದಷ್ಟು ಸಿಗ್ನಲ್ ಹಿಗ್ಗಿದಾಗ ಅಲೆಯ ತುದಿ ಮೊಟಕಾಗಿ ಹೊಸ ಹಾರ್ಮೋನಿಕ್‌ಗಳು (ಮೂಲ ಸ್ವರದ ಕಂಪನಸಂಖ್ಯೆಯ ಎರಡು, ಮೂರು ಪಟ್ಟಿನ ಉಪಸ್ವರಗಳು) ಹುಟ್ಟುತ್ತವೆ. ಐಬನೀಸ್ ಟ್ಯೂಬ್ ಸ್ಕ್ರೀಮರ್‌ನಂಥ ಓವರ್‌ಡ್ರೈವ್ ಪೆಡಲ್‌ನಲ್ಲಿ (ಕಾಲಲ್ಲಿ ಒತ್ತುವ, ಸದ್ದು ಬದಲಿಸುವ ಪೆಟ್ಟಿಗೆ) ತುದಿ ಮೊಟಕುಗೊಳಿಸುವ ಡಯೋಡ್‌ಗಳು ಆಪ್-ಆಂಪ್ ಎಂಬ ವರ್ಧಕ ಚಿಪ್‌ನ ಫೀಡ್‌ಬ್ಯಾಕ್ (ಹೊರಬಂದ ಸಿಗ್ನಲ್ ಒಳಕ್ಕೆ ಮರಳುವ) ದಾರಿಯಲ್ಲೇ ಇರುವುದರಿಂದ ತುದಿ ದುಂಡಗಾಗುತ್ತದೆ. ಮೆಲ್ಲಗೆ ಮೀಟಿದರೆ ಹೆಚ್ಚುಕಡಿಮೆ ತಿಳಿಯಾದ ಸದ್ದು, ಬಿರುಸಾಗಿ ಮೀಟಿದರೆ ಒಡಕು. ‘ಗೊಗ್ಗರು’ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಡಿಸ್ಟಾರ್ಷನ್‌ನಲ್ಲಿ (ಉದಾಹರಣೆಗೆ ಬಾಸ್ ಕಂಪನಿಯ ಡಿಎಸ್-1 ಪೆಡಲ್, 1978) ಡಯೋಡ್‌ಗಳು ಸಿಗ್ನಲನ್ನು ನೇರ ಗ್ರೌಂಡಿಗೆ ಇಳಿಸುತ್ತವೆ. ತುದಿ ಚಪ್ಪಟೆ, ಮೀಟಿನ ಏರಿಳಿತ ಅಷ್ಟಾಗಿ ಕೇಳದು. ‘ಡಿಸ್ಟಾರ್ಷನ್’ ಎಂಬ ಪದವನ್ನೇ ಹಾಗೇ ಇಟ್ಟುಕೊಳ್ಳಿ. ‘ಗರಗಸದ ಸದ್ದು’ ಎಂದು ಮಾತ್ರ ಬರೆಯಬೇಡಿ: ಎಂಟೂಂಬ್ಡ್‌ನಂಥ ಸ್ವೀಡನ್ನಿನ ಡೆತ್ ಮೆಟಲ್ ತಂಡಗಳು ಬಾಸ್ ಎಚ್‌ಎಂ-2 ಪೆಡಲ್‌ನ ಗುಂಡಿಗಳನ್ನೆಲ್ಲ ಪೂರ್ತಿ ತಿರುಗಿಸಿ ತೆಗೆದ ಸದ್ದಿಗೆ ಆ ಹೆಸರು ಆಗಲೇ ಅಂಟಿಕೊಂಡಿದೆ.

ಫಜ್‌ನಲ್ಲಿ ಅಲೆ ಚೌಕವೇ ಆಗಿಬಿಡುತ್ತದೆ. 1966ರ ಫಜ್ ಫೇಸ್ ಪೆಡಲ್‌ನಲ್ಲಿ ಇರುವುದು ಎರಡೇ ಟ್ರಾನ್ಸಿಸ್ಟರ್. ಅದರ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ತೀರಾ ಕಡಿಮೆಯಾದ್ದರಿಂದ ಗಿಟಾರಿನ ಪಿಕಪ್ಪೂ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಸುರುಳಿ) ಸರ್ಕ್ಯೂಟಿನ ಭಾಗವಾಗುತ್ತದೆ. ಗಿಟಾರಿನ ವಾಲ್ಯೂಮ್ ಇಳಿಸಿದರೆ ಸದ್ದು ತಿಳಿಯಾಗುವುದು ಇದೇ ಕಾರಣಕ್ಕೆ. ನಡುವೆ ಬಫರ್ (ಗಿಟಾರನ್ನು ಮುಂದಿನ ಸರ್ಕ್ಯೂಟಿನಿಂದ ಬೇರ್ಪಡಿಸುವ ಭಾಗ) ಇರುವ ಪೆಡಲ್ ಇಟ್ಟರೆ ಆ ಗುಣ ಹೋಗಿ ಸದ್ದು ಕಿವಿಗೆ ಚುಚ್ಚುತ್ತದೆ. ಜರ್ಮೇನಿಯಂ ಟ್ರಾನ್ಸಿಸ್ಟರಿನ ಮಾದರಿಯಾದರೆ ಸೆಕೆಗೂ ಹದ ತಪ್ಪುತ್ತದೆ. ‘ಫಜ್ ಒಡೆದುಹೋಗಿದೆ’ ಎಂದು ಕಲಾವಿದನನ್ನು ಬೈಯುವ ವಿಮರ್ಶಕರು ಇದನ್ನೂ ಗಮನಿಸಲಿ. ಪದ ಬೇಕೆಂದರೆ ‘ಝೇಂಕಾರ’.

*

ಫಜ್‌ಗೆ ತಂಬೂರಿಯ ಝೇಂಕಾರಕ್ಕೆ ಹೇಳುವ ‘ಜವಾರಿ’ ಆಗದೇ ಸರ್? 1965ರಲ್ಲಿ ಯಾರ್ಡ್‌ಬರ್ಡ್ಸ್‌ನ ಜೆಫ್ ಬೆಕ್ ಸಿತಾರಿನ ಬದಲಿಗೆ ನುಡಿಸಿದ್ದು ಫಜ್ ಗಿಟಾರನ್ನೇ ಅಲ್ಲವೇ?

*

ಕಿವಿಗೆ ಹತ್ತಿರ, ನಿಜ. ಆದರೆ ಹುಬ್ಬಳ್ಳಿ-ಧಾರವಾಡದ ಓದುಗರಿಗೆ ‘ಜವಾರಿ ಗಿಟಾರ್’ ಎಂದರೆ ಜವಾರಿ ಬದನೆಕಾಯಿ ಪಕ್ಕದಲ್ಲಿ ಮಾರುವ ನಾಟಿ ಗಿಟಾರೇ! ಕೆಲಸವೂ ಬೇರೆ. ಜವಾರಿಯಲ್ಲಿ ತಂತಿ ಅಗಲವಾದ ಕುದುರೆಯನ್ನು (ತಂತಿ ಹೊರುವ ಬ್ರಿಡ್ಜ್) ಸವರಿ ಪ್ರತಿ ತಂತಿಯೂ ತನ್ನಷ್ಟಕ್ಕೆ ಝೇಂಕರಿಸುತ್ತದೆ. ಫಜ್‌ನಲ್ಲಿ ಎಲ್ಲ ತಂತಿಗಳ ಸಿಗ್ನಲ್ ಒಂದಾಗಿ ಮೊಟಕಾಗುವುದರಿಂದ, ಎರಡು ಸ್ವರಗಳ ಮೊತ್ತ ಮತ್ತು ವ್ಯತ್ಯಾಸದ ಕಂಪನಗಳೂ ಹುಟ್ಟುತ್ತವೆ. ಷಡ್ಜ-ಪಂಚಮ 2:3 ಆದ್ದರಿಂದ ವ್ಯತ್ಯಾಸ 1, ಅಂದರೆ ಕೆಳಗಿನ ಷಡ್ಜವೇ, ಸದ್ದು ದಪ್ಪವಾಗುತ್ತದೆ. ಜೊತೆಗೆ ಗಾಂಧಾರ ಸೇರಿಸಿದರೆ ರಾಡಿ. ರಾಕ್‌ನವರು ಗಾಂಧಾರ ಬಿಟ್ಟು ಷಡ್ಜ-ಪಂಚಮವಷ್ಟೇ ಇರುವ ಪವರ್ ಕಾರ್ಡ್ ಹಿಡಿಯುವುದಕ್ಕೆ ಇದೊಂದು ಕಾರಣ.