ಅಟ್ಟ ಸೇರಿದ ಮಿಸ್ಟೇರ್: ಓದುಗರ ಸ್ಪಂದನ

ಕಳೆದ ಸಂಚಿಕೆಯ ಇದೇ ಪುಟದಲ್ಲಿ ವಿರಾಜಪೇಟೆ ಬಳಿಯ ಓದುಗರೊಬ್ಬರು ತಮ್ಮ ಮನೆಯ ಸಂಕಟವನ್ನು ತೋಡಿಕೊಂಡಿದ್ದರು. ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಅವರ ಪತಿಗೆ ಪ್ಲಾಸ್ಟಿಕ್ ಕಿಟ್‌ಗಳಿಂದ ವಿಮಾನದ ಮಾದರಿಗಳನ್ನು ಕಟ್ಟುವ ಹವ್ಯಾಸ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರು ಹಾರಿಸಿದ ಮಿಸ್ಟೇರ್ ಯುದ್ಧವಿಮಾನವನ್ನು ಮೂರು ವರ್ಷಗಳಿಂದ 1:72 ಅಳತೆಯಲ್ಲಿ, ಅಂದರೆ ನಿಜದ ಗಾತ್ರದ 72ರಲ್ಲಿ ಒಂದು ಪಾಲಿಗೆ, ಕಟ್ಟುತ್ತಿದ್ದಾರೆ. ನಾಲ್ಕು ಕಿಟ್ ತರಿಸಿದ್ದಾರೆ, ಒಂದೂ ಮುಗಿದಿಲ್ಲ. ರೆಕ್ಕೆಯ ರಿವೆಟ್ (ತಗಡುಗಳನ್ನು ಜೋಡಿಸುವ ಮೊಳೆ) ಸಾಲು ಸರಿಯಿಲ್ಲ, ಮೈಗೆ ಬೆಳ್ಳಿ ಬಣ್ಣವೋ ಮರೆಮಾಚುವ ಬಣ್ಣವೋ ತೀರ್ಮಾನವಾಗಿಲ್ಲ. ನೆಂಟರ ಮದುವೆಯಲ್ಲಿ ಯಾರೋ ಅವರನ್ನು ‘ಮೊಳೆ ಎಣಿಸುವ ಮಾವ’ ಎಂದು ಕರೆದರು. ಎಲ್ಲರೂ ನಕ್ಕರು, ಪತ್ನಿಯೂ ನಕ್ಕರು. ಮರುದಿನ ಅವರು ಕಿಟ್, ಬಣ್ಣ, ಇಕ್ಕಳ ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಏರಿಸಿದರು. ‘ಆ ಪೆಟ್ಟಿಗೆಯನ್ನು ಕೆಳಗಿಳಿಸುವುದು ಹೇಗೆ?’ ಎಂಬುದು ಆಕೆಯ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಸಹೋದರಿ, ನಾನು ವಾಯುಪಡೆಯಲ್ಲಿ ವಿಮಾನದ ಮೈ ದುರಸ್ತಿ ಮಾಡುವ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ರಿವೆಟ್ ಬಡಿದೇ ಮಕ್ಕಳನ್ನು ಓದಿಸಿದ್ದೇನೆ. ಆದ್ದರಿಂದ ನಿಮ್ಮ ಪತ್ರ ಓದಿದ ದಿನವೇ ಉತ್ತರ ಬರೆಯಲು ಕುಳಿತೆ.

ಮೊದಲು ಲೆಕ್ಕ. ನಿಮ್ಮ ಪತಿಗೆ ಲೆಕ್ಕ ಇಷ್ಟ ಎಂದು ಪತ್ರದಿಂದಲೇ ತಿಳಿಯುತ್ತದೆ, ಈ ಭಾಗವನ್ನು ಅವರಿಗೆ ಓದಿ ಹೇಳಿ. ವಿಮಾನದ ರಿವೆಟ್ಟಿನ ತಲೆ ನಾಲ್ಕು ಮಿಲಿಮೀಟರ್ ಎಂದುಕೊಳ್ಳೋಣ. ಅದನ್ನು 72ರಿಂದ ಭಾಗಿಸಿದರೆ ಸುಮಾರು 0.056 ಮಿಲಿಮೀಟರ್, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಈಗ ಇನ್ನೊಂದು ದಿಕ್ಕಿನಿಂದ ನೋಡಿ. ಸೂಜಿಯ ಮೊನೆಯಿಂದ ಪ್ಲಾಸ್ಟಿಕ್ಕಿನ ಮೇಲೆ ಮಾಡಿದ ಚುಕ್ಕೆ ಅರ್ಧ ಮಿಲಿಮೀಟರ್ ಇದ್ದರೆ, ನಿಜವಾದ ವಿಮಾನದಲ್ಲಿ ಅದು 36 ಮಿಲಿಮೀಟರಿನ ಗುಂಡಿಯಾಗುತ್ತದೆ, ಒಂದು ನಿಂಬೆಹಣ್ಣು ಕೂರುವಷ್ಟು! ಅಂಥ ವಿಮಾನವನ್ನು ನನ್ನ ಮೇಲಧಿಕಾರಿ ನೆಲದಿಂದ ಏಳಲು ಬಿಡುತ್ತಿರಲಿಲ್ಲ. ರೆಕ್ಕೆಯ ರಿವೆಟ್‌ಗಳನ್ನು ಗಾಳಿಗೆ ತಡೆಯಾಗದಂತೆ ಮೈಯ ಮಟ್ಟಕ್ಕೇ ಕೂರಿಸುತ್ತಾರೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನಮಗೇ ಅವು ಕಾಣುತ್ತಿರಲಿಲ್ಲ. ಅಂದ ಮೇಲೆ 1:72ರಲ್ಲಿ ರಿವೆಟ್ ಬಿಡುವುದೇ ನಿಖರತೆ. ನಿಮ್ಮ ಪತಿ ಮೂರು ವರ್ಷ ಹುಡುಕಿದ್ದು ಕಣ್ಣಿಗೆ ಕಾಣಬಾರದ ವಸ್ತುವನ್ನು.

ಹೀಗೆಂದು ಆ ಮನುಷ್ಯನ ಹಟವನ್ನು ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಅವರು ಆರಿಸಿಕೊಂಡ ವಿಮಾನ ಯಾವುದೆಂದು ನೋಡಿ. 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್‌ಗಳು ಆದಂಪುರದಿಂದ ಹೊರಟು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿದವು. ದೇವಯ್ಯನವರು ಆ ದಾಳಿಗೆ ಕಾದಿರಿಸಿದ ಪೈಲಟ್, ಯಾರಾದರೂ ಹಿಂದುಳಿದರೆ ಆ ಜಾಗ ತುಂಬಬೇಕಾದವರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಅವರ ಮೇಲೆರಗಿತು. ವೇಗದಲ್ಲಿ ಮಿಸ್ಟೇರ್ ಅದಕ್ಕೆ ಎಣೆಯೇ ಅಲ್ಲ. ಪೆಟ್ಟು ತಿಂದ ವಿಮಾನದಲ್ಲೇ ತಿರುಗಿ ನಿಂತು ದೇವಯ್ಯ ಅದನ್ನು ಉರುಳಿಸಿದರು. ಎದುರಾಳಿ ಪೈಲಟ್ ಹೊರಜಿಗಿದು ಬದುಕಿದರು, ನಮ್ಮವರು ಮರಳಲಿಲ್ಲ. ಅಲ್ಲಿ ನಡೆದದ್ದನ್ನು ಕಂಡು ಬಂದು ಹೇಳುವವರು ನಮ್ಮ ಕಡೆ ಯಾರೂ ಇರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಿಂದ ಸಂಗತಿ ಹೊರಬಿತ್ತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. ಯಾರೋ ಕೆಲವರು ದಿನ, ಹೊತ್ತು, ವಿಮಾನ ಎಂದು ಬಿಡದೆ ತಾಳೆ ನೋಡಿದ್ದರಿಂದಲೇ ಮಡಿಕೇರಿಯ ವೃತ್ತದಲ್ಲಿ ಇಂದು ಅವರ ಪ್ರತಿಮೆ ನಿಂತಿದೆ. ಆ ವಿಮಾನದ ಬಣ್ಣ ತಪ್ಪಬಾರದು ಎಂದು ನಿದ್ದೆಗೆಡುವ ಒಬ್ಬ ಮನುಷ್ಯ ನಮ್ಮ ಜಿಲ್ಲೆಯಲ್ಲಿದ್ದಾನೆ ಎಂದು ತಿಳಿದು ನನಗೆ ಸಂತೋಷವಾಯಿತು.

ರಿವೆಟ್ ಬಿಡಲಿ, ಬಣ್ಣವನ್ನು ಬಿಡುವುದು ಬೇಡ ಎನ್ನಿ. ಎರಡಕ್ಕೂ ಒಂದೇ ತೂಕ ಕೊಟ್ಟದ್ದು ಅವರ ತಪ್ಪು, ಬೇರೇನೂ ಅಲ್ಲ.

– ಮಡಿಕೇರಿಯ ಓದುಗರು

*

ನಕ್ಕಿದ್ದಕ್ಕೆ ಕ್ಷಮೆ ಕೇಳಿ. ಮನೆಯೊಳಗೆ ನಗುವುದಕ್ಕೂ ಮದುವೆ ಮನೆಯಲ್ಲಿ ನಾಲ್ಕು ಜನರ ಜೊತೆ ಸೇರಿ ನಗುವುದಕ್ಕೂ ವ್ಯತ್ಯಾಸವಿದೆ. ಅವರಿಗೆ ನೋವಾದದ್ದು ಆ ಹೆಸರಿನಿಂದಲ್ಲ, ನಿಮ್ಮ ನಗು ಆ ಕಡೆಯಿಂದ ಕೇಳಿಸಿದ್ದರಿಂದ. ಪೆಟ್ಟಿಗೆಯ ಮಾತು ಆಮೇಲೆ.

– ಪೊನ್ನಂಪೇಟೆಯ ಓದುಗರು

*

ರೈಲು ಹಳಿಯೇ ಇಲ್ಲದ ಜಿಲ್ಲೆಯಲ್ಲಿ ಕುಳಿತು ರೈಲಿನ ಮಾದರಿಗಳನ್ನು ಕಟ್ಟುವವನು ನಾನು. ನಗುವವರನ್ನು ನಾನು ಎಷ್ಟು ಕಂಡಿರಬಹುದು, ನೀವೇ ಊಹಿಸಿ. ಮೈಸೂರು ನಿಲ್ದಾಣದಲ್ಲಿ ಬೋಗಿಯ ಮೆಟ್ಟಿಲನ್ನು ಟೇಪು ಹಿಡಿದು ಅಳೆಯುತ್ತಿದ್ದಾಗ ಪೊಲೀಸರೊಬ್ಬರು ಬಂದು, ಊರು ಯಾವುದು, ಏನು ಕೆಲಸ ಎಂದು ವಿಚಾರಿಸಿದರು. ಕೊಡಗು ಎಂದಾಗ ಅವರಿಗೆ ಇನ್ನಷ್ಟು ಅನುಮಾನವಾಯಿತು. ಅರ್ಧ ಗಂಟೆ ವಿವರಿಸಿದ ಮೇಲೆ ಟೇಪಿನ ಇನ್ನೊಂದು ತುದಿಯನ್ನು ಅವರೇ ಹಿಡಿದುಕೊಂಡರು.

ನಿಮ್ಮ ಯಜಮಾನರಿಗೆ ನಮ್ಮ ಲೋಕದ ಒಂದು ವಿಷಯ ತಿಳಿಸಬೇಕು. ಹೆಚ್ಚು ಜನ ಕಟ್ಟುವ 1:87 ಅಳತೆಯ ರೈಲುಗಳಿಗೆ 16.5 ಮಿಲಿಮೀಟರ್ ಅಗಲದ ಹಳಿ ಸಿಗುತ್ತದೆ. ಯುರೋಪಿನ 1,435 ಮಿಲಿಮೀಟರ್ ಹಳಿಗೆ ಅದು ಸರಿಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್, ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಅಂದರೆ ಅಂಗಡಿಯ ಹಳಿಯ ಮೇಲೆ ನಮ್ಮ ಭಾರತೀಯ ರೈಲು ಓಡಿಸಿದರೆ ಸುಮಾರು ಮೂರು ಮಿಲಿಮೀಟರ್ ಸುಳ್ಳು. ಬ್ರಿಟಿಷರ ಕಥೆ ಇನ್ನೂ ಸ್ವಾರಸ್ಯಕರ. ಅವರ ಎಂಜಿನ್‌ಗಳು ಗಾತ್ರದಲ್ಲಿ ಚಿಕ್ಕವು. ಮಾದರಿಯೊಳಗೆ ಅಂದಿನ ಮೋಟರ್ ಹಿಡಿಸಲಿಲ್ಲವೆಂದು ಎಂಜಿನ್ನಿನ ಮೈಯನ್ನು 1:76ಕ್ಕೆ ಹಿಗ್ಗಿಸಿದರು, ಹಳಿಯನ್ನು ಮಾತ್ರ ಹಳೆಯ 16.5ರಲ್ಲೇ ಬಿಟ್ಟರು. ಇರಬೇಕಾದದ್ದು 18.83. ಆ ತಪ್ಪು ಹಳಿಯ ಮೇಲೆ ಇಡೀ ದೇಶ ತಲೆಮಾರುಗಳಿಂದ ಆಟದ ರೈಲು ಓಡಿಸುತ್ತಿದೆ! ತಡೆಯಲಾರದವರು ಕೆಲವರು 18.2ರ ಹಳಿ ಹಾಕಿಕೊಂಡರು. ಅದೂ ಸಾಲದೆಂದವರು 18.83ಕ್ಕೇ ಹಳಿ ಕೂರಿಸಿ ಪ್ರತಿ ಗಾಲಿಯನ್ನೂ ಬದಲಾಯಿಸಿದರು. ಮೂರು ಪಂಗಡಗಳ ವಾಗ್ವಾದ ಇಂದಿಗೂ ಮುಗಿದಿಲ್ಲ, ಆದರೆ ಮೂವರ ರೈಲುಗಳೂ ಓಡುತ್ತಿವೆ.

ನಾನು 16.5ರ ಹಳಿಯಲ್ಲೇ ಉಳಿದಿದ್ದೇನೆ. ಮೂರು ಮಿಲಿಮೀಟರ್ ಕಡಿಮೆ ಎಂದು ನನಗೆ ಗೊತ್ತಿದೆ, ದಿನಾ ಅದು ಕಣ್ಣಿಗೆ ಚುಚ್ಚುತ್ತದೆ. ಬೋಗಿಗಳ ಮೈಯನ್ನು ಮಾತ್ರ ಬಿಡದೆ ಅಳೆದು ಕಟ್ಟುತ್ತೇನೆ. ಒಂದು ಕಡೆ ಸೋಲೊಪ್ಪಿಕೊಂಡದ್ದರಿಂದ ಉಳಿದ ಕಡೆ ಕೈ ಸಡಿಲವಾಯಿತು. ಕಳೆದ ಬೇಸಿಗೆಯಲ್ಲಿ ಮೊಮ್ಮಗಳು ಎಂಜಿನ್ನನ್ನು ಸ್ಪಂಜಿನ ಸುರಂಗದಿಂದ ಹೊರಗೆ ತಂದಾಗ ಹಳಿಯ ಅಗಲವನ್ನು ಅವಳು ಕೇಳಲಿಲ್ಲ, ‘ಇದು ಮಡಿಕೇರಿಗೆ ಯಾವಾಗ ಬರುತ್ತದೆ?’ ಎಂದು ಕೇಳಿದಳು.

ಕುಶಾಲನಗರದ ಕಡೆ ಬಂದರೆ ಇಬ್ಬರೂ ನಮ್ಮ ಮನೆಗೆ ಬನ್ನಿ. ಎಣಿಸುವವರು ಇನ್ನೊಬ್ಬರಿದ್ದಾರೆ ಎಂದು ಅವರಿಗೆ ಕಣ್ಣಾರೆ ಕಾಣಲಿ.

– ಕುಶಾಲನಗರದ ಓದುಗರು

*

ಎಲ್ಲರೂ ನಿಮ್ಮ ಪತಿಯ ಪರವಾಗಿ ಬರೆದಿರಬಹುದು. ನಾನು ಇನ್ನೊಂದು ಪಕ್ಕದಿಂದ ಬರೆಯುತ್ತೇನೆ. ಎಂಟನೇ ತರಗತಿಯಲ್ಲಿದ್ದಾಗ ಸೋದರಮಾವ ತಂದುಕೊಟ್ಟ ಕಿಟ್‌ನಿಂದ ಒಂದು ಯುದ್ಧವಿಮಾನ ಕಟ್ಟಿ ಪ್ರದರ್ಶನಕ್ಕೆ ಇಟ್ಟಿದ್ದೆ. ಅಂಟು ಅಲ್ಲಲ್ಲಿ ಉಕ್ಕಿತ್ತು, ಬೆರಳಚ್ಚು ಬಣ್ಣದ ಮೇಲೆ ಮೂಡಿತ್ತು. ನನಗೆ ಮಾತ್ರ ಅದು ಹಾರುತ್ತಿತ್ತು. ನೋಡಲು ಬಂದ ಒಬ್ಬ ಹಿರಿಯ ಹವ್ಯಾಸಿ ಭೂತಗನ್ನಡಿ ತೆಗೆದು, ವಾಯುಪಡೆಯ ವೃತ್ತಚಿಹ್ನೆಯಲ್ಲಿ ಕೇಸರಿ ಹೊರಗೆ, ಹಸಿರು ಒಳಗೆ ಇರಬೇಕು, ನೀನು ತಿರುಗುಮುರುಗು ಮಾಡಿದ್ದೀಯ ಎಂದರು. ಸುತ್ತ ಇದ್ದವರು ನಕ್ಕರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ, ನನ್ನ ಚಿಹ್ನೆ ತಪ್ಪಾಗಿತ್ತು. ಆ ದಿನದ ನಂತರ ನಾನು ಅಂಟಿನ ಟ್ಯೂಬ್ ಮುಟ್ಟಲಿಲ್ಲ.

ನಿಮ್ಮ ಪತಿ ಬೇರೆಯವರ ಮಾದರಿಗಳನ್ನು ನೋಡಿದಾಗ ಏನು ಹೇಳುತ್ತಿದ್ದರು ಎಂದು ಒಮ್ಮೆ ನೆನಪಿಸಿಕೊಳ್ಳಿ. ತನ್ನ ಕೆಲಸದ ಮೇಲೆ ಭೂತಗನ್ನಡಿ ಹಿಡಿಯುವವರ ಮೇಲೆ ನನಗೆ ಗೌರವವಿದೆ. ಅದೇ ಗಾಜನ್ನು ಮಗುವಿನ ಕೆಲಸದ ಮೇಲೆ ಹಿಡಿದಿದ್ದರೆ, ಮದುವೆ ಮನೆಯ ನಗುವಿಗೆ ಒಂದು ಹಿಂದಿನ ಲೆಕ್ಕ ಇರಬಹುದು. ಹಾಗೆ ಮಾಡಿಲ್ಲವೆಂದಾದರೆ ಅವರ ಜೊತೆ ನಾನೂ ಇದ್ದೇನೆ. ಬಣ್ಣ ಬಳಿಯುವಾಗ ಹಿಡಿದುಕೊಳ್ಳಲು ಒಬ್ಬರು ಬೇಕಿದ್ದರೆ ಸೋಮವಾರಪೇಟೆಯಿಂದ ಬಸ್ ಹತ್ತಿ ಬರುತ್ತೇನೆ.

– ಸೋಮವಾರಪೇಟೆಯ ಓದುಗರು

*

ನಾನು ಮಡಿಕೇರಿ ದಸರಾದಲ್ಲಿ ಮೆರವಣಿಗೆಯ ಮಂಟಪದ ಕೆಲಸಕ್ಕೆ ಕೈಜೋಡಿಸುವವನು. ರಾಕ್ಷಸನ ಕಣ್ಣು ಎಷ್ಟು ದೊಡ್ಡದಿರಬೇಕು, ದೇವಿಯ ಕೈಯ ಆಯುಧಗಳ ಕ್ರಮ ಯಾವುದು ಎಂದು ನಮ್ಮಲ್ಲೂ ರಾತ್ರಿಯಿಡೀ ಜಗಳವಾಗುತ್ತದೆ. ಆದರೆ ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳೂ ಬೀದಿಗೆ ಇಳಿಯಲೇಬೇಕು. ಒಣಗದ ಬಣ್ಣದೊಡನೆ ಹೊರಟ ವರ್ಷಗಳಿವೆ. ಹೊರಡದ ವರ್ಷ ನನ್ನ ನೆನಪಿನಲ್ಲಿ ಇಲ್ಲ.

ಯಜಮಾನರಿಗೆ ಇಲ್ಲದಿರುವುದು ಗಡುವು. ದಿನವನ್ನು ಹೊರಗೆ ಹುಡುಕಬೇಕಾಗಿಲ್ಲ, ಅವರ ಕೆಲಸದಲ್ಲೇ ಇದೆ: ಸೆಪ್ಟೆಂಬರ್ 7. ಅದಕ್ಕೆ ನಾಲ್ಕು ದಿನ ಮೊದಲು, ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್, ನಮ್ಮ ಆಯುಧಪೂಜೆಯ ಹಬ್ಬ. ಕೋವಿ, ಒಡಿಕತ್ತಿಗಳನ್ನು ತೊಳೆದು, ತೋಕ್ ಪೂ ಮುಡಿಸಿ ಪೂಜೆಗೆ ಇಡುವಾಗ ಅದರ ಪಕ್ಕ ಆ ವಿಮಾನವನ್ನೂ ಇಡುತ್ತೇವೆ ಎಂದು ಮನೆಯವರೆಲ್ಲ ಈಗಲೇ ಹೇಳಿಬಿಡಿ. ಹೊಸದಾಗಿ ಹೆಸರಿಟ್ಟು ಕರೆದ ಆ ನೆಂಟರನ್ನೂ ಅಂದು ಊಟಕ್ಕೆ ಕರೆಯಿರಿ, ಕಡುಂಬುಟ್ಟು ಪಂದಿಕರಿ ಬಡಿಸಿ, ಆಮೇಲೆ ತೋರಿಸಿ.

– ಮಡಿಕೇರಿಯ ಇನ್ನೊಬ್ಬ ಓದುಗರು

*

ಹಲವು ವರ್ಷಗಳಿಂದ ಮಾದರಿಗಳನ್ನು ಕಟ್ಟುತ್ತಿರುವ ನನ್ನಿಂದ ಕೆಲಸಕ್ಕೆ ಸಂಬಂಧಿಸಿದ ಮಾತಷ್ಟೇ.

ಬಣ್ಣದ ಜಗಳಕ್ಕೆ ಪರಿಹಾರ ನಿಮ್ಮ ಅಟ್ಟದಲ್ಲೇ ಇದೆ. 1965ರ ಯುದ್ಧದ ದಿನಗಳಲ್ಲಿ ನಮ್ಮ ವಾಯುಪಡೆಯ ಬೆಳ್ಳಿ ಮೈಯ ವಿಮಾನಗಳಿಗೆ ಅವಸರ ಅವಸರವಾಗಿ ಮರೆಮಾಚುವ ಬಣ್ಣ ಬಳಿದರು. ನಿಮ್ಮವರನ್ನು ಕಾಡುತ್ತಿರುವುದು ಇದೇ. ನಾಲ್ಕು ಕಿಟ್ ಇವೆಯಲ್ಲ, ಒಂದನ್ನು ಬೆಳ್ಳಿಯಲ್ಲಿ ಕಟ್ಟಲಿ, ಒಂದನ್ನು ಹಸಿರು ಕಂದಿನಲ್ಲಿ ಕಟ್ಟಲಿ. ಎರಡನ್ನೂ ಒಂದೇ ಹಲಗೆಯ ಮೇಲೆ ನಿಲ್ಲಿಸಲಿ. ಅವಸರದಲ್ಲಿ ಕುಂಚದಿಂದ ಬಳಿದ ಬಣ್ಣಕ್ಕೆ ಅಂಚು ನೇರವಾಗಿರುವುದಿಲ್ಲ. ಹಸಿರು ಮೈಯವನ್ನು ಕಟ್ಟುವಾಗ ಅವರ ಕೈ ಒಂದಿಷ್ಟು ನಡುಗಿದರೆ ಮಾದರಿ ಇನ್ನೂ ನಿಜವಾಗುತ್ತದೆ. ಮೂರನೆಯ ಕಿಟ್ ಕಟ್ಟಲು ಬಯಸುವ ಬೇರೊಬ್ಬರಿಗೆ ಹೋಗಲಿ ಎಂದು ನನ್ನ ಆಸೆ.

ಕೊಡಗಿನ ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಸಿಂಪಡಿಸುವುದು ಬೇಡ. ಗಾಳಿಯ ತೇವಕ್ಕೆ ಅದು ಬೂದಿ ಬಡಿದಂತೆ ಬೆಳ್ಳಗಾಗುತ್ತದೆ. ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಹಲವು ಸಲ ಬಳಿಯಲಿ, ಪ್ರತಿ ಸಲಕ್ಕೂ ಒಂದು ದಿನ ಒಣಗಲು ಬಿಡಲಿ. ಬೇಗ ಒಣಗಲೆಂದು ಒಲೆಯ ಹತ್ತಿರ ಇಟ್ಟರೆ ರೆಕ್ಕೆ ಸೊಟ್ಟಗಾಗುತ್ತದೆ. ನನ್ನ ಎರಡು ವಿಮಾನಗಳು ಹಾಗೆ ಹೋದವು.

ಪೆಟ್ಟಿಗೆ ಇಳಿಸಿದ ಕೂಡಲೇ ಡೆಕಾಲ್ ಹಾಳೆಯನ್ನು, ಅಂದರೆ ನೀರಿನಲ್ಲಿ ನೆನೆಸಿ ಮಾದರಿಗೆ ಅಂಟಿಸುವ ಚಿಹ್ನೆಗಳ ಹಾಳೆಯನ್ನು, ತೆಗೆದು ನೋಡಿ. ಅಟ್ಟದ ತೇವಕ್ಕೆ ಅದು ಹಳದಿ ಹಿಡಿದಿದ್ದರೆ ಹೆದರಬೇಡಿ. ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಚಿತ್ರದ ಮುಖ ಹೊರಗೆ ಬರುವಂತೆ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿ. ಬಿಸಿಲು ಸೋಕಿದ ಹಾಗೆಲ್ಲ ಹಳದಿ ಇಳಿಯುತ್ತದೆ. ನೀರಿಗೆ ಹಾಕುವ ಮೊದಲು ಅದರ ಮೇಲೆ ಒಂದು ಪದರ ವಾರ್ನಿಷ್ ಬಳಿಯಲಿ, ಇಲ್ಲದಿದ್ದರೆ ಹಳೆಯ ಡೆಕಾಲ್ ನೀರಿನಲ್ಲಿ ಚೂರುಚೂರಾಗುತ್ತದೆ. ಈ ತಿಂಗಳುಗಳಲ್ಲಿ ನಮಗೆ ಸಿಗುವ ಬಿಸಿಲು ಎಷ್ಟೆಂದು ನಿಮಗೆ ಗೊತ್ತಲ್ಲ, ಆದ್ದರಿಂದ ಇವತ್ತೇ ಏಣಿ ಹಾಕಿ.

– ಭಾಗಮಂಡಲದ ಓದುಗರು